ಹೊರಗೆ ನಿಂತು ನೋಡಿ, ನಿಮ್ಮ ಸಾಫ್ಟ್‌ವೇರ್ ಊರಿಗೆಲ್ಲ ಏನು ಹೇಳುತ್ತಿದೆ

ನಮ್ಮ ಕಡೆ ದನದ ಸಂತೆಯಲ್ಲಿ ದರ ಮಾತಾಡುವುದು ಟವೆಲ್ಲಿನ ಕೆಳಗೆ, ಬೆರಳಿನಲ್ಲಿ. ಸುತ್ತ ನೂರು ಜನ ನಿಂತಿದ್ದರೂ ಲೆಕ್ಕ ಇಬ್ಬರಿಗೇ ಗೊತ್ತು. ಈಗ ಅಮರಗೋಳದ ಎಪಿಎಂಸಿಯಿಂದ ತಾರಿಹಾಳದ ಕಾರ್ಖಾನೆವರೆಗೆ ಲೆಕ್ಕವೆಲ್ಲ ಬ್ರೌಸರಿಗೆ ಬಂದಿದೆ. ಟವೆಲ್ಲು ಮಾತ್ರ ಬಂದಿಲ್ಲ.

ಹೋದ ವರ್ಷ ಹುಬ್ಬಳ್ಳಿಯ ಒಂದು ಬಿಡಿಭಾಗಗಳ ಸಗಟು ಅಂಗಡಿಗೆ ಪ್ರಿಂಟರ್ ಸರಿಮಾಡಲು ಹೋಗಿದ್ದೆ. ಬಿಲ್ ನಂಬರ್ ಹಾಕುವಲ್ಲಿ ಕೈತಪ್ಪಿ ಒಂದು ಅಕ್ಷರ ಒತ್ತಿದೆ. ಪರದೆ ತುಂಬ ಸಾಲುಗಳು ಸುರಿದವು: ಯಾವ ಫೋಲ್ಡರು, ಯಾವ ಫೈಲು, ಡೇಟಾಬೇಸಿನ ಹೆಸರು, ಅದಕ್ಕೆ ಲಾಗಿನ್ ಆಗುವ ಬಳಕೆದಾರನ ಹೆಸರು. ಮಾಲೀಕರಿಗೆ ತೋರಿಸಿದರೆ, “ಅದೇನ್ ಬಿಡ್ರೀ ಸರ, ಒಮ್ಮೊಮ್ಮೆ ಹಂಗ ಬರತೈತಿ. ಬ್ಯಾಕ್ ಒತ್ತಿದ್ರ ಹೋಗತೈತಿ” ಅಂದರು.

ಹೋಗುವುದು ಅವರ ಪರದೆಯಿಂದ ಮಾತ್ರ. ನೋಡಿದವನ ಕಣ್ಣಿನಿಂದಲ್ಲ. ಭದ್ರತೆಯವರು ಇದನ್ನು ಇನ್ಫರ್ಮೇಶನ್ ಎಕ್ಸ್‌ಪೋಶರ್ ಎನ್ನುತ್ತಾರೆ. ಸಾಫ್ಟ್‌ವೇರ್ ದೋಷಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದರ ನಂಬರ್ ಸಿಡಬ್ಲ್ಯುಇ 200. ಇಲ್ಲಿ ಯಾರೂ ಬೀಗ ಒಡೆಯುವುದಿಲ್ಲ, ಸಾಫ್ಟ್‌ವೇರೇ ಬಾಯಿ ಬಿಡುತ್ತದೆ. ನಿಮ್ಮದು ಎಷ್ಟು ಬಾಯಿಬಡಕ ಎಂದು ತಿಳಿಯಲು ಒಂದು ಮಧ್ಯಾಹ್ನ ಸಾಕು.

ಮೊದಲು ಒಪ್ಪಿಗೆ. ನಿಮ್ಮದೇ ಸಂಸ್ಥೆಯ ಸಾಫ್ಟ್‌ವೇರ್ ಆದರೂ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸರ್ವರ್ ಬೇರೆಯವರದಾದರೆ ಅವರಿಗೂ ತಿಳಿಸಿ. ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರ್ ಹೊಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮಿನಡಿ ಬರುತ್ತದೆ, ಮೂರು ವರ್ಷದವರೆಗೂ ಜೈಲಾಗಬಹುದು. “ಸುಮ್ನ ನೋಡಿದ್ನ್ರೀ” ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಇನ್ನು ಆಫೀಸಿನ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಬನ್ನಿ, ಬ್ರೌಸರಿನ ಪ್ರೈವೇಟ್ ಕಿಟಕಿ ತೆರೆಯಿರಿ. ಒಳಗಿನವರಿಗೆ ಕಾಣುವುದು ಬೇರೆ, ಹೊರಗಿನವನಿಗೆ ಕಾಣುವುದು ಬೇರೆ. ನಮಗೆ ಬೇಕಾದದ್ದು ಎರಡನೆಯದು. ಲಾಗಿನ್ ಆಗದೆ, ಇಲ್ಲದ ಪುಟದ ವಿಳಾಸ ಟೈಪ್ ಮಾಡಿ. ಅಂಕಿ ಇರಬೇಕಾದಲ್ಲಿ ಅಕ್ಷರ ಹಾಕಿ. “ಪುಟ ಸಿಗಲಿಲ್ಲ” ಎಂದಷ್ಟೇ ಬಂದರೆ ಒಳ್ಳೆಯದು. ಸರ್ವರಿನ ಆವೃತ್ತಿಯೋ ಫೈಲುಗಳ ದಾರಿಯೋ ಬಂದರೆ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಲಾಗಿನ್ ಪುಟದಲ್ಲಿ ಸುಳ್ಳು ಹೆಸರು ಹಾಕಿದಾಗ “ಇಂಥ ಬಳಕೆದಾರ ಇಲ್ಲ” ಎಂದೂ, ಖರೆ ಹೆಸರಿಗೆ “ಪಾಸ್‌ವರ್ಡ್ ತಪ್ಪು” ಎಂದೂ ಹೇಳಿದರೆ, ನಿಮ್ಮಲ್ಲಿ ಯಾರ್‍ಯಾರಿದ್ದಾರೆ ಎಂಬ ಹಾಜರಿ ಪುಸ್ತಕವನ್ನೇ ಕೈಗಿಟ್ಟಂತೆ.

ಆಮೇಲೆ ಬಿಲ್ ಅಥವಾ ಫೋಟೊದ ವಿಳಾಸದಲ್ಲಿ ಕೊನೆಯ ಫೈಲ್ ಹೆಸರನ್ನು ಅಳಿಸಿ ಎಂಟರ್ ಒತ್ತಿ. ಫೋಲ್ಡರಿನ ಫೈಲುಗಳೆಲ್ಲ ಸಾಲಾಗಿ ಬಂದವೇ? ಆ ಸಾಲಿನಲ್ಲಿ ‘ಬ್ಯಾಕಪ್’ ಎಂಬ ಜಿಪ್ ಫೈಲು ಇರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಇನ್ನು ಕೆಲವರು ಹುಡುಕುಯಂತ್ರಗಳು ಬರಬಾರದೆಂದು ರೋಬಾಟ್ಸ್ ಎಂಬ ಫೈಲಿನಲ್ಲಿ ಗುಟ್ಟಿನ ಫೋಲ್ಡರುಗಳ ಹೆಸರು ಬರೆದಿಡುತ್ತಾರೆ. ಆ ಫೈಲನ್ನು ಯಾರು ಬೇಕಾದರೂ ಓದಬಹುದು! ‘ತಿಜೋರಿ ಇಲ್ಲಿದೆ, ದಯವಿಟ್ಟು ನೋಡಬೇಡಿ’ ಎಂದು ಬೋರ್ಡು ಹಾಕಿದ ಹಾಗೆ.

ಎಲ್ಲಕ್ಕಿಂತ ನಿಧಾನವಾಗಿ ಮಾಡಬೇಕಾದ ಪರೀಕ್ಷೆ ಮುಂದಿನದು. ಇದಕ್ಕೆ ಎರಡು ಪರೀಕ್ಷಾ ಖಾತೆ ಬೇಕು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದು ರೈತರಿಗೆ ಮಾರಾಟದ ಬಿಲ್ಲನ್ನು ಆನ್‌ಲೈನಿನಲ್ಲಿ ಕೊಡುತ್ತದೆ ಎಂದುಕೊಳ್ಳಿ. ಮೊದಲ ಖಾತೆಯ ಬಿಲ್ ತೆರೆದಾಗ ವಿಳಾಸದ ತುದಿಗೆ 1042 ಎಂದಿದೆ, ಎರಡನೆಯದರ ಬಿಲ್ 1043. ಮೊದಲ ಖಾತೆಯಲ್ಲೇ ಇದ್ದು 2ನ್ನು 3 ಮಾಡಿ. ಎರಡನೆಯವನ ಚೀಲ, ತೂಕ, ದರ, ಬ್ಯಾಂಕ್ ಖಾತೆ ಎಲ್ಲ ತೆರೆದುಕೊಂಡರೆ, ಸಾಫ್ಟ್‌ವೇರ್ ‘ನೀನು ಲಾಗಿನ್ ಆಗಿದ್ದೀಯಾ’ ಎಂದು ಕೇಳುತ್ತಿದೆ, ‘ಈ ಬಿಲ್ ನಿನ್ನದೇನು’ ಎಂದು ಕೇಳುತ್ತಿಲ್ಲ. ಸಣ್ಣ ಊರಿನ ಸಣ್ಣ ತಪ್ಪೆನ್ನಬೇಡಿ. ಅಮೆರಿಕದ ಫಸ್ಟ್ ಅಮೆರಿಕನ್ ಎಂಬ ದೊಡ್ಡ ಆಸ್ತಿ ಹಕ್ಕಿನ ವಿಮೆ ಕಂಪನಿಯಲ್ಲಿ ದಾಖಲೆಯ ಅಂಕಿ ಬದಲಿಸಿದರೆ ಮುಂದಿನವರ ಕಾಗದ ತೆರೆಯುತ್ತಿತ್ತು, ಲಾಗಿನ್ ಕೂಡ ಬೇಕಿರಲಿಲ್ಲ. 2019ರ ಮೇ ತಿಂಗಳಲ್ಲಿ ಬಯಲಾದಾಗ ಹಾಗೆ ತೆರೆದಿದ್ದ ದಾಖಲೆಗಳು ಸುಮಾರು 88.5 ಕೋಟಿ. ಪರೀಕ್ಷೆಯನ್ನು ನಿಮ್ಮ ಎರಡು ಖಾತೆಗೇ ನಿಲ್ಲಿಸಿ. 1044 ಯಾರದೋ ಮನೆಯ ಲೆಕ್ಕ.

ತಿದ್ದುವ ಕೆಲಸ ಸಾಫ್ಟ್‌ವೇರ್ ಬರೆದವರದು, ಆದರೆ ಏನು ಕೇಳಬೇಕೆಂದು ನಿಮಗೆ ಗೊತ್ತಿರಲಿ. ಪಿಎಚ್‌ಪಿ ಭಾಷೆಯಲ್ಲಿ ಬರೆದದ್ದಾದರೆ ‘ಡಿಸ್‌ಪ್ಲೇ ಎರರ್ಸ್’ ಆಫ್, ‘ಲಾಗ್ ಎರರ್ಸ್’ ಆನ್; ಆಗ ತಪ್ಪಿನ ವಿವರ ಪರದೆಗೆ ಬಾರದೆ ಸರ್ವರಿನ ದಿನಚರಿಗೆ, ಅಂದರೆ ಲಾಗ್‌ಗೆ, ಹೋಗುತ್ತದೆ. ಫೋಲ್ಡರಿನ ಪಟ್ಟಿ ಹೊರಗೆ ಕಾಣದಂತೆ ಅಪಾಚೆ ಸರ್ವರಿನಲ್ಲಿ ‘ಇಂಡೆಕ್ಸಸ್’ ತೆಗೆಯುವುದು, ಎಂಜಿನ್‌ಎಕ್ಸ್ ಆದರೆ ‘ಆಟೊಇಂಡೆಕ್ಸ್’ ಆಫ್. ಜಾವಾದ ಸ್ಪ್ರಿಂಗ್ ಬೂಟ್ ಬಳಸಿದ್ದರೆ ಸಾಫ್ಟ್‌ವೇರಿನ ಆರೋಗ್ಯ ತೋರಿಸುವ ‘ಆಕ್ಚುಯೇಟರ್’ ಹೊರಗಿನವರಿಗೆ ತೆರೆದಿದೆಯೇ ಎಂದು ಕೇಳಿ. ಅದರ ‘ಹೀಪ್ ಡಂಪ್’, ಅಂದರೆ ಮೆಮೊರಿಯ ನಕಲು, ಸಿಕ್ಕರೆ ಮೆಮೊರಿಯಲ್ಲಿದ್ದ ಪಾಸ್‌ವರ್ಡುಗಳೂ ಸಿಕ್ಕಾವು. ಬಿಲ್ ಅಂಕಿಯ ತೊಂದರೆಗೆ ಸೆಟ್ಟಿಂಗ್ ಮದ್ದಲ್ಲ. ಪ್ರತಿ ಸಲ ಮಾಲೀಕತ್ವ ನೋಡುವಂತೆ ಕೋಡನ್ನೇ ಬದಲಿಸಬೇಕು. ಅಂಕಿಯ ಬದಲು ಉದ್ದನೆಯ ಗೊಂದಲದ ಅಕ್ಷರ ಹಾಕಿ “ಆತ್ರೀ ಸರ” ಅಂದರೆ ಒಪ್ಪಬೇಡಿ.

ಕಿಂಡಿ ಮುಚ್ಚಿದ ಮೇಲೆ ಹೊರಗೆ ಕಂಡಿದ್ದ ಪಾಸ್‌ವರ್ಡು, ಕೀಲಿಗಳನ್ನೆಲ್ಲ ಬದಲಿಸಿ. ಬಹಳ ಜನ ಮರೆಯುವುದು ಇದನ್ನೇ. 2023ರ ಅಕ್ಟೋಬರಿನಲ್ಲಿ ಸಿಟ್ರಿಕ್ಸ್ ಕಂಪನಿ ತನ್ನ ನೆಟ್‌ಸ್ಕೇಲರ್ ಎಂಬ ನೆಟ್‌ವರ್ಕ್ ಸಾಧನದ ಸೋರಿಕೆಗೆ ತೇಪೆ ಕೊಟ್ಟಿತು. ಆದರೆ ಅಷ್ಟರೊಳಗೆ ಸೋರಿದ್ದ ಸೆಷನ್ ಟೋಕನ್ನುಗಳು (ಒಮ್ಮೆ ಲಾಗಿನ್ ಆದವರಿಗೆ ಸಿಗುವ ಡಿಜಿಟಲ್ ಚೀಟಿ) ತೇಪೆ ಹಾಕಿದ ಮೇಲೂ ನಡೆಯುತ್ತಿದ್ದವು. ಹಳೆಯ ಸೆಷನ್ನುಗಳನ್ನೆಲ್ಲ ಕೈಯಾರೆ ಮುಚ್ಚದವರ ಮನೆಗೆ ಕಳ್ಳ ಮತ್ತೆ ಬಂದ.

ಯಾರಾದರೂ ಆ ಕಿಂಡಿಯಲ್ಲಿ ಇಣುಕಿದ್ದರೇ ಎಂಬುದಕ್ಕೆ ಲಾಗ್ ನೋಡಬೇಕು. ಮಾಹಿತಿ ಸೋರಿದ್ದು ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದು 2022ರ ಏಪ್ರಿಲ್ 28ರ ನಿರ್ದೇಶನವಿದೆ. ಆ ಬಿಡಿಭಾಗದ ಅಂಗಡಿಯ ಪುಟ ಈಗ “ತೊಂದರೆಯಾಗಿದೆ” ಎಂದು ಒಂದು ಸಾಲು, ಒಂದು ದೂರು ನಂಬರ್ ಅಷ್ಟೇ ತೋರಿಸುತ್ತದೆ. ಲಾಗ್ ಎಷ್ಟು ದಿನದ್ದಿದೆ ಎಂದು ಅವರ ಸಾಫ್ಟ್‌ವೇರಿನವರಿಗೆ ಕೇಳಿದೆ. ಆ ಕಡೆಯಿಂದ ತುಸು ಹೊತ್ತು ಮಾತಿಲ್ಲ, ಆಮೇಲೆ, “ಏಳು ದಿನದ್ದ ಐತ್ರೀ ಸರ.”