17 ವ್ಯಾಟ್‌ನಲ್ಲಿ 500 ಲೀಟರ್ ಮೀನು ತೊಟ್ಟಿಗೆ ಗಾಳಿ: ನನ್ನ ಅನುಭವ

ತೊಟ್ಟಿ 500 ಲೀಟರ್, ನೀರಿನ ಆಳ 60 ಸೆಂ.ಮೀ., ಒಳಗೆ 5 ಕಿಲೋ ತಿಲಾಪಿಯಾ. ಮೇಲೆ ಗಿಡ ಬೆಳೆಯುವ 150 ಲೀಟರಿನ ಎರಡು ಜಲ್ಲಿ ಬೆಡ್, ಪಂಪ್ ತೊಟ್ಟಿಯ ನೀರನ್ನು ಅವಕ್ಕೆ ಎತ್ತುತ್ತದೆ (ಅಕ್ವಾಪೋನಿಕ್ಸ್). ಎರಡಕ್ಕೂ ಬೆಲ್ ಸೈಫನ್, ಅಂದರೆ ಬೆಡ್ ತುಂಬಿದಾಗ ತಾನಾಗಿ ನೀರನ್ನು ತೊಟ್ಟಿಗೆ ಇಳಿಸಿ, ಬರಿದಾದಾಗ ನಿಲ್ಲುವ ಕೊಳವೆ. ನೀರಿನ ಪಂಪ್ 12 ವ್ಯಾಟ್, ಏರ್ ಪಂಪ್ 5 ವ್ಯಾಟ್. ಎರಡೂ ಹಗಲೂ ರಾತ್ರಿ ಓಡಿದರೂ ದಿನಕ್ಕೆ ಅರ್ಧ ಯೂನಿಟ್ ಮುಟ್ಟುವುದಿಲ್ಲ. ಆಮ್ಲಜನಕ ಸಾಲುತ್ತಿಲ್ಲ ಅಂದ ಕೂಡಲೇ ದೊಡ್ಡ ಏರ್ ಪಂಪ್ ತರುವವರೇ ಹೆಚ್ಚು. ಆದರೆ ಹೇಗೂ ಓಡುತ್ತಿರುವ ನೀರಿನ ಪಂಪಿನಿಂದಲೇ ಅರ್ಧಕ್ಕೆ ಹತ್ತಿರ ಕೆಲಸ ತೆಗೆಯಬಹುದು.

ಮೊದಲು ಲೆಕ್ಕ. ಬೆಚ್ಚನೆ ನೀರಿನಲ್ಲಿ ಒಂದು ಕಿಲೋ ಮೀನು ಗಂಟೆಗೆ ಸುಮಾರು 300 ಮಿ.ಗ್ರಾಂ. ಆಮ್ಲಜನಕ ಬಳಸುತ್ತದೆ, ಮೇವು ತಿಂದ ಮೇಲೆ 500ರ ಹತ್ತಿರ. ಅಂದರೆ 5 ಕಿಲೋಗೆ ಗಂಟೆಗೆ 1.5ರಿಂದ 2.5 ಗ್ರಾಂ. ಏರ್ ಪಂಪ್ ನಿಮಿಷಕ್ಕೆ 8 ಲೀಟರ್ ಗಾಳಿ ಕೊಡುತ್ತದೆ. ಆ ಗಾಳಿಯಲ್ಲಿ ಗಂಟೆಗೆ 130 ಗ್ರಾಂ ಆಮ್ಲಜನಕವಿದೆ. ಕೇಳಲು ಭರ್ಜರಿ. ಆದರೆ ಇಷ್ಟು ಕಡಿಮೆ ಆಳದಲ್ಲಿ ಗುಳ್ಳೆ ಮೇಲೆ ಬರುವಷ್ಟರಲ್ಲಿ ಕರಗುವುದು ಹೆಚ್ಚೆಂದರೆ ಶೇ. 3, ಅದೂ ನೀರಿನಲ್ಲಿ ಆಮ್ಲಜನಕವೇ ಇಲ್ಲದಿದ್ದಾಗ. 28 ಡಿಗ್ರಿಯ ನೀರು ಹಿಡಿಯಬಲ್ಲದ್ದೇ ಲೀಟರಿಗೆ 7.8 ಮಿ.ಗ್ರಾಂ. ತೊಟ್ಟಿಯಲ್ಲಿ ಈಗಾಗಲೇ 5.2 ಇದ್ದರೆ ಖಾಲಿ ಜಾಗ ಮೂರರಲ್ಲಿ ಒಂದು ಪಾಲು ಮಾತ್ರ, ಕರಗುವ ವೇಗವೂ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಹೀಗೆ 130 ಗ್ರಾಂನಲ್ಲಿ ಮೀನಿಗೆ ದಕ್ಕುವುದು 1.3 ಗ್ರಾಂ. 7 ಮಿ.ಗ್ರಾಂ. ಮುಟ್ಟಿಸಬೇಕೆಂದು ಹಟ ಹಿಡಿದರೆ ಪಂಪ್ ಮೂರು ಪಟ್ಟು ದೊಡ್ಡದಾಗಬೇಕು. ನಸುಕಿನಲ್ಲಿ 5 ಇದ್ದರೆ ಮೀನು, ಬೇರು, ಬ್ಯಾಕ್ಟೀರಿಯಾ ಮೂರಕ್ಕೂ ಸಾಕು.

ಉಳಿದದ್ದು ಬೀಳುವ ನೀರಿನಿಂದ. ಸೈಫನ್ ಕೊಳವೆಯನ್ನು ತೊಟ್ಟಿಯ ನೀರಿನೊಳಗೆ ಮುಳುಗಿಸಿಟ್ಟರೆ ಸದ್ದಿಲ್ಲ, ಆದರೆ ಗಾಳಿಯೂ ಇಲ್ಲ. ಒಂದೇ ಧಾರೆಯಾಗಿ 30 ಸೆಂ.ಮೀ. ಬೀಳಿಸಿದರೆ ಕೊರತೆಯ (7.8ಕ್ಕೆ ಎಷ್ಟು ಕಡಿಮೆಯೋ ಅದರ) ಹತ್ತನೇ ಒಂದು ಪಾಲು ತುಂಬಬಹುದು. ಅದೇ ಎತ್ತರದಿಂದ ಸಣ್ಣ ಸಣ್ಣ ಧಾರೆಗಳಾಗಿ ಒಡೆದು ಬೀಳಿಸಿದರೆ ಮೂರನೇ ಒಂದು ಪಾಲಿನಷ್ಟು ತುಂಬುತ್ತದೆ. ಹಾಗಾಗಿ ಪ್ರತಿ ಸೈಫನ್ ಕೆಳಗೆ ತೂತಿನ ಟ್ರೇ ಇಟ್ಟಿದ್ದೇನೆ: 10 ಸೆಂ.ಮೀ. ಎತ್ತರದ ಪ್ಲಾಸ್ಟಿಕ್ ಟ್ರೇ, ತಳದಲ್ಲಿ 6 ಮಿ.ಮೀ.ನ 40 ತೂತು. ಟ್ರೇಯಲ್ಲಿ 5 ಸೆಂ.ಮೀ. ನೀರು ನಿಂತಾಗ ಒಂದು ತೂತಿನಿಂದ ಗಂಟೆಗೆ 60 ಲೀಟರ್ ಇಳಿಯುತ್ತದೆ. ಸೈಫನ್ ಹರಿಯುವ ಆ ಎರಡು ನಿಮಿಷ ಗಂಟೆಗೆ 2,300 ಲೀಟರ್ ವೇಗ ಇರುವುದರಿಂದ 40 ತೂತು ಸರಿಹೋಗುತ್ತದೆ. 3 ಮಿ.ಮೀ. ತೂತು ಗುಳ್ಳೆಗೆ ಒಳ್ಳೆಯದು ಅನಿಸುತ್ತದೆ, ಆದರೆ ಬೇರಿನ ಚೂರು ಮತ್ತು ಪಾಚಿ ಸೇರಿ ಬೇಗ ಕಟ್ಟಿಕೊಂಡು ಟ್ರೇ ಉಕ್ಕುತ್ತದೆ. ಸೈಫನ್ ಬಾಯಿ ಟ್ರೇಯ ನೀರಿಗೆ ಮುಟ್ಟಬಾರದು. ಮುಳುಗಿದರೆ ಸೈಫನ್ ಕಡಿಯದೆ ಸಣ್ಣಗೆ ಹರಿಯುತ್ತಲೇ ಇರುತ್ತದೆ, ಬೆಡ್ ಮತ್ತೆ ತುಂಬುವುದೇ ಇಲ್ಲ.

ಬೆಡ್‌ನಿಂದ ಇಳಿದ ನೀರು ಲೀಟರಿಗೆ 4.9 ಮಿ.ಗ್ರಾಂ., ಟ್ರೇ ದಾಟಿದ ಮೇಲೆ 5.8, ಆಮ್ಲಜನಕ ಅಳೆಯುವ ನನ್ನ ಹನಿ ಕಿಟ್ ತೋರಿಸಿದ್ದು ಇಷ್ಟು. ಗಂಟೆಗೆ 1,000 ಲೀಟರ್ ತಿರುಗುವುದರಿಂದ 0.9 ಗ್ರಾಂ ಆಯಿತು, ಒಂದು ವ್ಯಾಟ್ ಹೆಚ್ಚಿಲ್ಲದೆ. (ಮಾದರಿ ತೆಗೆಯುವಾಗ ಬಾಟಲಿಯನ್ನು ಧಾರೆಗೆ ಹಿಡಿದರೆ ಗಾಳಿ ಸೇರಿ ಸುಳ್ಳು ಅಂಕಿ ಬರುತ್ತದೆ. ಸಣ್ಣ ಕೊಳವೆಯನ್ನು ಬಾಟಲಿಯ ತಳ ಮುಟ್ಟಿಸಿ, ನೀರು ಉಕ್ಕಿ ಹರಿಯುವವರೆಗೆ ತುಂಬಿ ಮುಚ್ಚಬೇಕು.) ಬೆಡ್ ಬರಿದಾದಾಗಲೆಲ್ಲ ಜಲ್ಲಿಯ ಸಂದಿಗೆ 60 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಮೀನಿನ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಕ್ಕೆ ಬೇಕಾದ ಆಮ್ಲಜನಕ ಬಹುತೇಕ ಅಲ್ಲೇ ಸಿಗುತ್ತದೆ.

ನೀರಿನ ಪಂಪ್ 25ರಿಂದ 12 ವ್ಯಾಟಿಗೆ ಇಳಿದದ್ದು ಕೊಳವೆ ಬದಲಿಸಿದ್ದರಿಂದ. 13 ಮಿ.ಮೀ. ಒಳವ್ಯಾಸದ ಎರಡು ಮೀಟರ್ ಹೋಸ್‌ನಲ್ಲಿ ಗಂಟೆಗೆ 1,000 ಲೀಟರ್ ತಳ್ಳಿದರೆ ಘರ್ಷಣೆಯೇ 85 ಸೆಂ.ಮೀ. ಎತ್ತರಕ್ಕೆ ಸಮ. ಬೆಡ್ ಇರುವುದು ಒಂದು ಮೀಟರ್ ಮೇಲೆ, ಪಂಪ್ ಎತ್ತುವುದು ಎರಡು ಮೀಟರಿಗೆ! 25 ಮಿ.ಮೀ. ಪೈಪಿನಲ್ಲಿ ಅದೇ ಘರ್ಷಣೆ 4 ಸೆಂ.ಮೀ. ಪೈಪ್ ಹಾಕಿದ ಮೇಲೆ ಪಂಪನ್ನೂ ಚಿಕ್ಕದು ಮಾಡಬೇಕು. ಹಳೆಯದನ್ನೇ ಇಟ್ಟು ವಾಲ್ವ್ ತಿರುಗಿಸಿದರೆ ಉಳಿಯುವುದು ಅಲ್ಪ.

ವೆಂಚುರಿ (ಕಿರಿದಾದ ಕೊಳವೆಯಲ್ಲಿ ರಭಸದಿಂದ ಹರಿಯುವ ನೀರೇ ಗಾಳಿ ಎಳೆದುಕೊಳ್ಳುವ ಸಾಧನ) ಈ ವ್ಯವಸ್ಥೆಗೆ ಬೇಡ. ಅದಕ್ಕೆ ಒತ್ತಡ ಬೇಕು, ಕಡಿಮೆ ವ್ಯಾಟಿನ ಪಂಪಿನಲ್ಲಿ ಇಲ್ಲದಿರುವುದೇ ಅದು. ಏರ್‌ಲಿಫ್ಟ್ (ಕೊಳವೆಯೊಳಗೆ ಗುಳ್ಳೆ ಬಿಟ್ಟು ನೀರನ್ನು ಮೇಲೆತ್ತುವುದು) ಒಳ್ಳೆಯದು, ಆದರೆ 60 ಸೆಂ.ಮೀ. ಆಳದಿಂದ 10–15 ಸೆಂ.ಮೀ. ಎತ್ತಲು ಮಾತ್ರ. ತೊಟ್ಟಿಯ ಮಟ್ಟದಲ್ಲೇ ತೇಲುವ ಬೆಡ್ ಇದ್ದವರು ಯೋಚಿಸಬಹುದು.

ಏರ್ ಸ್ಟೋನ್ (ಗಾಳಿಯನ್ನು ಗುಳ್ಳೆಯಾಗಿ ಬಿಡುವ ಕಲ್ಲು) ತಳದಲ್ಲಿಲ್ಲ, 45 ಸೆಂ.ಮೀ. ಆಳದಲ್ಲಿ ತೂಗುಹಾಕಿದೆ. ಪ್ರತಿ 10 ಸೆಂ.ಮೀ. ನೀರು ಒಂದು ಕಿಲೋಪ್ಯಾಸ್ಕಲ್ ಒತ್ತಡ. ಸಣ್ಣ ಡಯಾಫ್ರಾಮ್ ಪಂಪಿಗೆ ಅದೂ ಭಾರವೇ. ತಳದ ನೀರು ನಿಂತಲ್ಲೇ ಉಳಿಯದಂತೆ ಟ್ರೇಯ ನೀರು ಎದುರು ಬದಿಯಲ್ಲಿ ಬೀಳುತ್ತದೆ. ತೀರಾ ನುಣ್ಣನೆ ಗುಳ್ಳೆಯ ಕಲ್ಲು ಈ ಪಂಪಿಗೆ ಒಗ್ಗುವುದಿಲ್ಲ, ಮಧ್ಯಮದ್ದು ಸಾಕು. ಗುಳ್ಳೆ ಕಲ್ಲಿನ ಒಂದೇ ಬದಿಯಿಂದ ಬರತೊಡಗಿ, ಪಂಪ್ ಮುಟ್ಟಿದಾಗ ಎಂದಿಗಿಂತ ಬಿಸಿ ಅನಿಸಿದರೆ ಕಲ್ಲು ಕಟ್ಟಿದೆ ಎಂದರ್ಥ. ಹಾಗೇ ಬಿಟ್ಟರೆ ಡಯಾಫ್ರಾಮ್ (ಪಂಪಿನೊಳಗಿನ ರಬ್ಬರ್ ಪೊರೆ) ಹರಿದುಹೋಗುತ್ತದೆ. ಸುಣ್ಣ ಕಟ್ಟಿದ್ದರೆ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ, ತೊಳೆದು ಒಣಗಿಸುವುದು. ಗಾಳಿ ಹೆಚ್ಚಾದರೆ ಕೊಳವೆ ಹಿಸುಕಬೇಡಿ, ಮೂರು ಬಾಯಿಯ ‘ಟೀ’ ಜೋಡಣೆ ಹಾಕಿ ಹೆಚ್ಚಿನದನ್ನು ಹೊರಗೆ ಬಿಡಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಟ್ಟರೆ ಕರೆಂಟ್ ಹೋದಾಗ ನೀರು ಹಿಂದಕ್ಕೆ ಹರಿಯುವುದಿಲ್ಲ. ಹಿಂದಕ್ಕೆ ಹರಿಯದಂತೆ ತಡೆಯಲು ಹಾಕುವ, ಆಗಾಗ ಅಂಟಿಕೊಳ್ಳುವ ಚೆಕ್ ವಾಲ್ವ್‌ನ ಗೋಳೂ ಇರುವುದಿಲ್ಲ.

ವ್ಯಾಟ್ ಖರ್ಚಿಲ್ಲದೆ ಆಗುವುದು ಇನ್ನೆರಡಿವೆ. ಸಂಜೆ ಮೇವು ಹಾಕಬಾರದು. ತಿಂದ ಕೆಲವು ಗಂಟೆ ಬೇಡಿಕೆ ಏರುವುದು ರಾತ್ರಿಗೆ ಬೀಳುತ್ತದೆ. ತಳದ ಹಿಕ್ಕೆ ವಾರಕ್ಕೆ ಎರಡು ಸಲ ಕೊಳವೆಯಿಂದ ಎಳೆದು ತೆಗೆಯಬೇಕು. ಕೊಳೆಯುವಾಗ ಅದೂ ಮೀನಿನಂತೆಯೇ ಉಸಿರಾಡುತ್ತದೆ.

ಕರೆಂಟ್ ಹೋದಾಗ ಏನು? 500 ಲೀಟರಿನಲ್ಲಿ 5 ಮಿ.ಗ್ರಾಂ. ಎಂದರೆ ಒಟ್ಟು 2.5 ಗ್ರಾಂ. ಅದು 2ಕ್ಕೆ ಇಳಿಯುವವರೆಗೆ ಮೀನಿಗೆ ಸಿಗುವುದು 1.5 ಗ್ರಾಂ: ಒಂದು ಗಂಟೆ, ಮೇವು ತಿಂದಿದ್ದರೆ ಇನ್ನೂ ಕಡಿಮೆ. ಇನ್ವರ್ಟರ್ ಸುಮ್ಮನೆ ಕೂತೇ ಪಂಪಿಗಿಂತ ಹೆಚ್ಚು ತಿನ್ನಬಹುದು, ಆದ್ದರಿಂದ 4 ವ್ಯಾಟಿನ 12 ವೋಲ್ಟ್ ಡಿಸಿ ಏರ್ ಪಂಪನ್ನು ನೇರ ಬ್ಯಾಟರಿಗೆ ಕೊಟ್ಟಿದ್ದೇನೆ. 7 ಆಂಪಿಯರ್-ಅವರ್ ಸೀಸದ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್. ಅರ್ಧ ಮಾತ್ರ ಬಳಸಿದರೂ 10 ಗಂಟೆ. ಕರೆಂಟ್ ಹೋದಾಗ ಅದನ್ನು ತಾನಾಗಿ ಶುರು ಮಾಡುವುದು ರಿಲೇ, ಅಂದರೆ ಕಾಯಿಲ್‌ನಿಂದ ನಡೆಯುವ ಸ್ವಿಚ್. ಮೇನ್ಸ್‌ಗೆ ಹಾಕಿದ 12 ವೋಲ್ಟ್ ಅಡಾಪ್ಟರ್ ರಿಲೇಯ ಕಾಯಿಲ್‌ಗೆ. ಬ್ಯಾಟರಿಯ ಪ್ಲಸ್ 2 ಆಂಪಿಯರ್ ಫ್ಯೂಸ್ ದಾಟಿ ನಾರ್ಮಲಿ ಕ್ಲೋಸ್ಡ್ ಕಾಲಿಗೆ (ಕಾಯಿಲ್‌ಗೆ ಕರೆಂಟ್ ಇಲ್ಲದಾಗ ಕಾಮನ್ ಕಾಲಿಗೆ ಸೇರಿರುವುದು). ಕಾಮನ್ ಕಾಲಿನಿಂದ ಪಂಪಿಗೆ. ಕರೆಂಟ್ ಇರುವವರೆಗೆ ಕಾಯಿಲ್ ಎಳೆದು ಹಿಡಿದಿರುತ್ತದೆ, ಹೋದ ಕ್ಷಣ ಬಿಡುತ್ತದೆ. ವಾಹನದ ರಿಲೇ ಹಾಕಬೇಡಿ, ಅದರ ಕಾಯಿಲ್ ಹಗಲೂ ರಾತ್ರಿ 2 ವ್ಯಾಟ್ ನುಂಗುತ್ತದೆ. ಸಣ್ಣ ಪಿಸಿಬಿ ರಿಲೇಗೆ ಅರ್ಧ ವ್ಯಾಟ್ ಸಾಕು. ಬ್ಯಾಟರಿಗೆ ಬೇರೆಯದೇ ಫ್ಲೋಟ್ ಚಾರ್ಜರ್ (ಸದಾ ಜೋಡಿಸಿಟ್ಟು ಬ್ಯಾಟರಿಯನ್ನು ತುಂಬಿಸಿಡುವುದು), 13.6 ವೋಲ್ಟ್‌ಗೆ. ತಿಂಗಳಿಗೊಮ್ಮೆ ರಿಲೇಯ ಅಡಾಪ್ಟರ್ ಮತ್ತು ಚಾರ್ಜರ್ ಎರಡರ ಪ್ಲಗ್ಗೂ ಕಿತ್ತು ನಾಲ್ಕು ಗಂಟೆ ಓಡಿಸಿ ಅಳೆಯುತ್ತೇನೆ. ಪಂಪ್ ಓಡುತ್ತಿರುವಾಗಲೇ 12.0 ವೋಲ್ಟ್‌ಗಿಂತ ಕೆಳಗೆ ತೋರಿಸಿದರೆ ಬ್ಯಾಟರಿ ಬದಲು.