ಮನೆ ತುಂಬಾ ಜನ ಇರೋರು ಕ್ರಿಸ್‌ಮಸ್ ಮತ್ತು ಚಳಿ ರಜೆ ನಿಭಾಯಿಸೋದು ಹೇಗೆ

ದೊಡ್ಡ ಕುಟುಂಬದಲ್ಲಿ ಹಬ್ಬದ ಕೆಲಸ ಎಲ್ಲಾ ಒಬ್ಬಿಬ್ಬರ ತಲೆ ಮೇಲೆ ಬೀಳೋದೇ ಜಾಸ್ತಿ, ಅಮ್ಮ ಇಲ್ಲಾ ಅಜ್ಜಿ, ಅವರಿಗೆ ಕೈಲಾಗದೇ ಇರೋ ವರ್ಷ ಆ ಪದ್ಧತಿನೇ ನಿಂತೋಗತ್ತೆ, ಆಮೇಲೆ ಎಲ್ರೂ "ಮುಂಚೆ ಎಷ್ಟು ಚೆನ್ನಾಗಿತ್ತು ಅಲ್ವಾ" ಅಂತ ಹೇಳ್ಕೊಂಡು ಕೂತಿರ್ತಾರೆ. ಅದಕ್ಕೇ ನಾನು ಮೊದಲು ಹೇಳೋದು ಏನಂದ್ರೆ, ಒಂದೊಂದು ಪದ್ಧತಿಗೂ ಒಬ್ಬೊಬ್ಬರನ್ನ ಜವಾಬ್ದಾರಿ ಮಾಡಿ, ಅದೂ ಆದಷ್ಟು ಮಕ್ಕಳನ್ನೇ ಮಾಡಿ. ಹತ್ತು ವರ್ಷದ ಹುಡುಗಿಗೆ "ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಅಲಂಕಾರ) ನಿನ್ನದು" ಅಂತ ಹೇಳಿಬಿಟ್ರೆ ಅವಳು ನವೆಂಬರಲ್ಲೇ ಡಬ್ಬ ಎಲ್ಲಿದೆ ಅಂತ ಕೇಳೋಕೆ ಶುರು ಮಾಡ್ತಾಳೆ, ನೀವು ನೆನಪಿಟ್ಕೊಳ್ಳೋ ಅವಶ್ಯಕತೆನೇ ಇರಲ್ಲ. ಇನ್ನೊಂದು, ಪದ್ಧತಿಗಳು ಕಮ್ಮಿ ಇರ್ಲಿ. ನಾಲ್ಕೈದು ಸಾಕು, ಆದ್ರೆ ಪ್ರತಿ ವರ್ಷ ತಪ್ಪದೇ ಮಾಡೋ ಹಾಗಿರಬೇಕು.

ಆಗಮನ ಕಾಲದಿಂದ ಶುರು ಮಾಡಿ

ಡಿಸೆಂಬರ್ 20 ಆದ್ಮೇಲೆ ಶುರು ಮಾಡಿದ್ರೆ ಬರೀ ಓಡಾಟನೇ ಆಗತ್ತೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕನೇ ಭಾನುವಾರ ಆಗಮನ ಕಾಲ, ಅಂದ್ರೆ ಹಬ್ಬಕ್ಕೆ ಕಾಯೋ ವಾರಗಳು, ಶುರು, ಅದು ಯಾವಾಗ್ಲೂ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರತ್ತೆ. ಹಸಿರು ಎಲೆಯ ಒಂದು ಬಳೆ, ಅದರಲ್ಲಿ ನಾಲ್ಕು ಕ್ಯಾಂಡಲ್, ವಾರಕ್ಕೊಂದು ಹಚ್ಚೋದು ಅಷ್ಟೇ. ಮೂರು ನೇರಳೆ, ಒಂದು ಗುಲಾಬಿ ಇಡೋದು ರೂಢಿ, ಗುಲಾಬಿ ಬಣ್ಣದ್ದು ಮೂರನೇ ಭಾನುವಾರಕ್ಕೆ. ಇದರ ಹಿಂದಿನ ಕತೆ ನಂಗೆ ತುಂಬಾ ಇಷ್ಟ: 1839ರಲ್ಲಿ ಜರ್ಮನಿಯ ಹ್ಯಾಂಬರ್ಗಲ್ಲಿ ಬಡ ಮಕ್ಕಳ ಆಶ್ರಮ ನಡೆಸ್ತಿದ್ದ ಯೋಹಾನ್ ವಿಖರ್ನ್ ಅನ್ನೋ ಪಾದ್ರಿ, ಮಕ್ಕಳು ದಿನಾ "ಕ್ರಿಸ್‌ಮಸ್ ಯಾವಾಗ" ಅಂತ ಕೇಳ್ತಿದ್ರು ಅಂತ ಒಂದು ಗಾಡಿ ಚಕ್ರದ ಮೇಲೆ ಭಾನುವಾರಗಳಿಗೆ ದೊಡ್ಡ ಬಿಳಿ ಕ್ಯಾಂಡಲ್, ಮಿಕ್ಕ ದಿನಗಳಿಗೆ ಚಿಕ್ಕ ಕೆಂಪು ಕ್ಯಾಂಡಲ್ ಇಟ್ಟು ದಿನಕ್ಕೊಂದು ಹಚ್ಚಿಸ್ತಿದ್ರಂತೆ. ಅಂದ್ರೆ ಇದು ಹುಟ್ಟಿದ್ದೇ ಮಕ್ಕಳು ಜಾಸ್ತಿ ಇರೋ ಮನೇಲಿ.

ಮಕ್ಕಳು ಜಾಸ್ತಿ ಇದ್ರೆ ಯಾರು ಹಚ್ಚೋದು ಅಂತ ಜಗಳ ಗ್ಯಾರಂಟಿ. ಅದಕ್ಕೆ ಕೆಲಸ ಒಡೀರಿ: ಒಬ್ಬರು ರೂಮಿನ ಲೈಟ್ ಆರಿಸೋದು, ಒಬ್ಬರು ಕಡ್ಡಿ ಗೀರೋದು (ಇದು ದೊಡ್ಡ ಮಕ್ಕಳಿಗೆ ಮಾತ್ರ), ಒಬ್ಬರು ಬೈಬಲ್ಲಿಂದ ನಾಲ್ಕು ಸಾಲು ಓದೋದು, ಒಬ್ಬರು ಹಾಡು ಎತ್ತಿಕೊಳ್ಳೋದು, ತೀರಾ ಚಿಕ್ಕವರು ಕೊನೇಲಿ ದೊಡ್ಡವರ ಕೈ ಹಿಡ್ಕೊಂಡು ಸ್ಟೀಲ್ ಲೋಟ ಬೋರಲು ಹಾಕಿ ಆರಿಸೋದು. ಮುಂದಿನ ವಾರ ಒಬ್ಬರ ಕೆಲಸ ಇನ್ನೊಬ್ಬರಿಗೆ, ಹೀಗೆ ಸರದಿ ಮೇಲೆ. ಆರಿಸೋ ಕೆಲಸಕ್ಕೇ ಆಮೇಲೆ ಜಾಸ್ತಿ ಡಿಮ್ಯಾಂಡ್ ಬರತ್ತೆ ನೋಡಿ. ಮತ್ತೆ ಎಲೆ ಒಣಗ್ತಾ ಬಂದ ಹಾಗೆ ಬೇಗ ಬೆಂಕಿ ಹಿಡಿಯತ್ತೆ, ಎರಡು ವಾರಕ್ಕೊಮ್ಮೆ ಹೊಸ ಹಸಿರು ಸಿಕ್ಕಿಸಿ, ಕ್ಯಾಂಡಲ್ ಉರೀತಿರೋವಾಗ ರೂಮಲ್ಲಿ ದೊಡ್ಡವರು ಒಬ್ಬರಾದ್ರೂ ಇರ್ಲೇಬೇಕು.

ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು ತೆರೆಯೋ 24 ದಿನದ ಕ್ಯಾಲೆಂಡರ್ ಮಗುಗೊಂದು ತರೋಕೆ ಹೋಗ್ಬೇಡಿ, ಇಡೀ ಮನೆಗೆ ಒಂದು ಸಾಕು. 24 ಕವರ್ ದಾರಕ್ಕೆ ಕ್ಲಿಪ್ ಹಾಕಿ ನೇತುಹಾಕಿ, ಒಳಗೆ ತಿಂಡಿ ಬದಲು ಆವತ್ತಿನ ಕೆಲಸ ಬರೆದಿಡಿ, ಅತ್ತೆಗೆ ಫೋನ್ ಮಾಡಿ ಒಂದು ಹಾಡು ಹೇಳೋದು, ಹಳೇ ಸ್ವೆಟರ್ ಆರಿಸಿ ಕೊಡೋದು, ಗೋದಲಿಗೆ ಕಲ್ಲು ತರೋದು, ಹೀಗೆ. 24 ಅನ್ನೋದು ಹಂಚೋಕೆ ತುಂಬಾ ಅನುಕೂಲ, ಮೂರು, ನಾಲ್ಕು, ಆರು, ಎಂಟು ಮಕ್ಕಳಿಗೆ ಸಮ ಸಮ ಬರತ್ತೆ, ಐದು ಮಕ್ಕಳಿದ್ರೆ ನಾಲ್ಕು ದಿನ ಉಳಿಯತ್ತೆ, ಏಳು ಮಕ್ಕಳಿದ್ರೆ ಮೂರು ದಿನ, ಅದನ್ನ ಅಜ್ಜ ಅಜ್ಜಿಗೆ ಬಿಡಿ, ಅವರಿಗೂ ಕವರ್ ಒಡೆಯೋ ಆಸೆ ಇರತ್ತೆ.

ಗಿಫ್ಟ್ ವಿಷಯ

ಇಪ್ಪತ್ತು ಜನ ಇರೋ ಮನೇಲಿ ಎಲ್ರೂ ಎಲ್ರಿಗೂ ಕೊಡೋದಾದ್ರೆ 380 ಗಿಫ್ಟ್ ಆಗತ್ತೆ, ಯಾರಿಗೂ ಆಗೋ ಮಾತಲ್ಲ. ಚೀಟಿ ಎತ್ತಿ ಒಬ್ಬರು ಒಬ್ಬರಿಗೆ ಮಾತ್ರ ಕೊಡೋದು ಒಳ್ಳೇದು. ಆದ್ರೆ ಚೀಟಿ ಎತ್ತೋವಾಗ ಯಾರಿಗಾದ್ರೂ ಅವರ ಹೆಸರೇ ಬರತ್ತೆ, ಮತ್ತೆ ಎಲ್ಲಾ ವಾಪಸ್ ಹಾಕಿ ಎತ್ತಬೇಕು, ಗಲಾಟೆ. ಲೆಕ್ಕದ ಪ್ರಕಾರ ಇದು ಸರಿಸುಮಾರು 63 ಪರ್ಸೆಂಟ್ ಸಲ ಆಗೇ ಆಗತ್ತೆ, ಜನ ಎಷ್ಟೇ ಇರ್ಲಿ ಹೆಚ್ಚುಕಮ್ಮಿ ಇಷ್ಟೇ. ಇದಕ್ಕೆ ಸುಲಭ ದಾರಿ ಇದೆ. ಗಿಫ್ಟ್ ಆಟದಲ್ಲಿ ಇಲ್ಲದ ಒಬ್ಬರು, ಪಕ್ಕದ ಮನೆಯವರೋ ಸ್ನೇಹಿತರೋ, ಎಲ್ಲಾ ಹೆಸರು ಕಲಸಿ ಮೇಜಿನ ಮೇಲೆ ಚಕ್ರದ ಥರ ಜೋಡಿಸ್ಲಿ, ಪ್ರತಿಯೊಬ್ಬರೂ ತಮ್ಮ ಬಲಗಡೆ ಇರೋ ಹೆಸರಿಗೆ ಕೊಡೋದು. ತಮ್ಮ ಹೆಸರು ತಮಗೆ ಬರೋ ಚಾನ್ಸೇ ಇಲ್ಲ. ಗಂಡ ಹೆಂಡತಿ ಅಕ್ಕಪಕ್ಕ ಬಂದ್ರೆ ಒಂದು ಚೀಟಿ ಎತ್ತಿ ಬೇರೆ ಕಡೆ ಇಟ್ರೆ ಆಯ್ತು. ಖರ್ಚಿಗೆ ಒಂದು ಮಿತಿ ಮೊದಲೇ ಹೇಳಿ, ಅದೂ ಮನೇಲಿ ಕೈ ಬಿಗಿ ಇರೋರಿಗೆ ಕಷ್ಟ ಆಗದ ಹಾಗೆ. ಕೈಯಲ್ಲೇ ಮಾಡಿದ್ದು ಕೊಡಬಹುದು ಅಂತ ಬಾಯಿ ಬಿಟ್ಟು ಹೇಳಿ, ಹೇಳದಿದ್ರೆ ಯಾರೂ ಧೈರ್ಯ ಮಾಡಲ್ಲ.

25ನೇ ತಾರೀಕು ಬೆಳಿಗ್ಗೆ ಎಲ್ರೂ ಒಟ್ಟಿಗೆ ಗಿಫ್ಟ್ ಪೇಪರ್ ಹರೀಬೇಡಿ. ಚಿಕ್ಕವರಿಂದ ಶುರು ಮಾಡಿ ಒಬ್ಬರಾದ ಮೇಲೆ ಒಬ್ಬರು, ಮಿಕ್ಕವರು ನೋಡೋದು. ಟೈಮ್ ಹಿಡಿಯತ್ತೆ ನಿಜ, ಆದ್ರೆ ಕೊಟ್ಟವರ ಮುಖ ನೋಡೋಕೆ ಸಿಗೋದು ಆಗಲೇ. ಒಬ್ಬರು ಪೇಪರ್ ಪೆನ್ನು ಹಿಡಿದು ಯಾರು ಯಾರಿಗೆ ಏನು ಕೊಟ್ರು ಅಂತ ಬರ್ಕೊಳ್ಳಿ, ಥ್ಯಾಂಕ್ಸ್ ಹೇಳೋಕೆ ಬೇಕಾಗತ್ತೆ.

ಚಳಿ ದಿನಕ್ಕೆ ಕೈಗೆ ಕೆಲಸ

ಬೇಗ ಕತ್ತಲಾಗತ್ತೆ, ಮಕ್ಕಳೆಲ್ಲಾ ಒಳಗೇ ಇರ್ತಾರೆ, ಕೈ ಖಾಲಿ ಇದ್ರೆ ಜಗಳ ಶುರು. ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇದು ಉಪ್ಪು ಹಿಟ್ಟಿನ ಅಲಂಕಾರ. ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು, ನೀರು ಸ್ವಲ್ಪ ಸ್ವಲ್ಪ ಹಾಕ್ತಾ ಹೋಗಿ, ಮುಕ್ಕಾಲರಿಂದ ಒಂದು ಕಪ್ ಒಳಗೆ ಸಾಕಾಗತ್ತೆ, ಕೈಗೆ ಅಂಟಬಾರದು, ಅಂಟಿದ್ರೆ ಇನ್ನೊಂದು ಹಿಡಿ ಮೈದಾ. ಹತ್ತು ನಿಮಿಷ ಚೆನ್ನಾಗಿ ನಾದಿ, ಇಲ್ಲಾಂದ್ರೆ ಅಂಚು ಬಿರುಕು ಬಿಡತ್ತೆ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ ನಕ್ಷತ್ರನೋ ಗಂಟೆನೋ ಕತ್ತರಿಸಿ, ದಾರ ಪೋಣಿಸೋಕೆ ಸ್ಟ್ರಾದಲ್ಲಿ ತೂತು ಮಾಡಿ, ತೂತು ಅಂಚಿಗೆ ತೀರಾ ಹತ್ರ ಬೇಡ, ಒಣಗಿದ ಮೇಲೆ ಅಲ್ಲೇ ಮುರಿಯೋದು. 120 ಡಿಗ್ರಿ ಸೆಲ್ಸಿಯಸ್ ಓವನ್ನಲ್ಲಿ ಎರಡು ಮೂರು ಗಂಟೆ, ನಡುವೆ ಒಂದ್ಸಲ ತಿರುವಿ ಹಾಕಿ, ಬೆರಳಲ್ಲಿ ತಟ್ಟಿದ್ರೆ ಟಕ್ ಟಕ್ ಅನ್ನಬೇಕು. ಆರಿದ ಮೇಲೆ ಬಣ್ಣ. ಹಿಂದುಗಡೆ ಮಗುವಿನ ಹೆಸರು, ವರ್ಷ ಬರೆಯೋದು ಮಾತ್ರ ಮರೀಬೇಡಿ, ಎರಡು ವರ್ಷದ ಮಗುವಿನ ಹೆಬ್ಬೆರಳು ಒತ್ತಿದ ಗುರುತು ಆ ಮಗು ಕಾಲೇಜಿಗೆ ಹೋಗೋವಾಗ ಕೈಗೆ ಸಿಕ್ಕಿದ್ರೆ ಹೇಗಿರತ್ತೆ ಯೋಚನೆ ಮಾಡಿ. ನಾಯಿ ಇರೋ ಮನೇಲಿ ಕ್ರಿಸ್‌ಮಸ್ ಮರದ ಮೇಲಿನ ಕೊಂಬೆಗೇ ಕಟ್ಟಿ, ಅಷ್ಟು ಉಪ್ಪು ತಿಂದ್ರೆ ನಾಯಿಗೆ ನಿಜವಾಗ್ಲೂ ಅಪಾಯ.

ಪೇಪರಿನ ಹಿಮದ ಹರಳಿಗೆ ಚೌಕ ಹಾಳೆ ಕರ್ಣಕ್ಕೆ ಮಡಚಿ, ಮತ್ತೆ ಅರ್ಧ ಮಾಡಿ, ಆಮೇಲೆ ಮಡಿಕೆಯ ಮೂಲೆಯಿಂದ ಮೂರು ಸಮ ಪಾಲಾಗೋ ಹಾಗೆ ಮಡಚಿ, ಮೇಲಿನ ಬಾಲ ಕತ್ತರಿಸಿ, ಆಮೇಲೆ ಇಷ್ಟ ಬಂದ ಹಾಗೆ ಕಚ್ಚು ಹಾಕಿ. ಆರು ಕೈ ಬರತ್ತೆ, ನಿಜವಾದ ಹಿಮದ ಹರಳಿಗೂ ಆರೇ. ಎಂಟು ಕೈ ಬಂದ್ರೆ ಮಡಿಕೆ ತಪ್ಪಿದೆ ಅಂತ ಅರ್ಥ.

ಊಟ ಆದ್ಮೇಲೆ ಒಂದು ಗಂಟೆ ಮನೆಯೆಲ್ಲಾ ಸುಮ್ನೆ ಇರೋ ಸಮಯ ಅಂತ ಮಾಡಿ, ಮಲಗ್ಲಿ, ಓದ್ಲಿ, ಏನಾದ್ರೂ ಮಾಡ್ಲಿ, ಮಾತು ಬೇಡ. ಜನ ಜಾಸ್ತಿ ಇರೋ ಮನೇಲಿ ಗಲಾಟೆ ತಡ್ಕೊಳ್ಳಕ್ಕಾಗದೆ ಒದ್ದಾಡೋರು ಇರ್ತಾರೆ, ಅವರು ಬಾಯಿ ಬಿಟ್ಟು ಹೇಳಲ್ಲ. ಮಧ್ಯಾಹ್ನ ಬಿಸಿಲಿದ್ದಾಗ ಎಲ್ರನ್ನೂ ಹೊರಗೆ ಒಂದು ಸುತ್ತು ಕಳಿಸಿ. ಒಂದು ಮೇಜು ರಜೆ ಮುಗಿಯೋವರೆಗೂ ಸಾವಿರ ತುಂಡಿನ ಜಿಗ್‌ಸಾ ಪಜಲ್‌ಗೆ ಬಿಟ್ಟುಕೊಡಿ, ಹಾದುಹೋಗೋರು ಎರಡು ತುಂಡು ಕೂರಿಸ್ತಾರೆ, ಹದಿನಾರು ವರ್ಷದ ಹುಡುಗನೂ ದೊಡ್ಡಪ್ಪನೂ ಅಲ್ಲಿ ಕೂತು ಮಾತಾಡ್ತಾರೆ. ರಾತ್ರಿ ಅಜ್ಜ ಅಜ್ಜಿ ಹತ್ರ ಅವರ ಚಿಕ್ಕಂದಿನ ಕ್ರಿಸ್‌ಮಸ್ ಬಗ್ಗೆ ಕೇಳಿ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. "ಹೇಗಿತ್ತು" ಅಂತ ಕೇಳಿದ್ರೆ "ಚೆನ್ನಾಗಿತ್ತು" ಅಂತಾರೆ ಅಷ್ಟೇ, "ಏನು ಬಟ್ಟೆ ಹಾಕಿದ್ರಿ, ಪಕ್ಕದಲ್ಲಿ ಯಾರು ಮಲಗ್ತಿದ್ರು" ಅಂತ ಕೇಳಿ, ಆಗ ಬರತ್ತೆ ಕತೆ.

ಚಳಿ ಅಂತ ಎಲ್ಲಾ ಕಿಟಕಿ ಮುಚ್ಚಿ ಒಳಗೆ ಇದ್ದಿಲು ಹಚ್ಚೋದು ಖಂಡಿತ ಬೇಡ, ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ ವಾಸನೆ ಇಲ್ಲ, ಮಲಗಿದವರು ಏಳಲ್ಲ. ಹೀಟರ್ ಇದ್ರೆ ಮರ, ಪರದೆ ಎಲ್ಲದರಿಂದ ಒಂದು ಮೀಟರಾದ್ರೂ ದೂರ. ಕಡಿದು ತಂದ ಮರ ಆದ್ರೆ ಬುಡದಲ್ಲಿ ಎರಡು ಸೆಂಟಿಮೀಟರ್ ಹೊಸದಾಗಿ ಕೊಯ್ದು ತಕ್ಷಣ ನೀರಲ್ಲಿ ನಿಲ್ಲಿಸಿ, ದಿನಾ ನೀರು ನೋಡೋ ಕೆಲಸ ಒಂದು ಮಗುಗೆ ಕೊಡಿ.

24ರ ರಾತ್ರಿ, ಮತ್ತೆ ಆಮೇಲೆ

ಗೋದಲಿಯನ್ನ ಮೊದಲೇ ಕಟ್ಟಿ, ಬಾಲ ಯೇಸುವಿನ ಜಾಗ ಮಾತ್ರ ಖಾಲಿ ಬಿಡಿ. 1223ರಲ್ಲಿ ಇಟಲಿಯ ಗ್ರೆಚ್ಚೋ ಅನ್ನೋ ಊರಲ್ಲಿ ಸಂತ ಫ್ರಾನ್ಸಿಸ್ ಅಸ್ಸೀಸಿ ನಿಜವಾದ ಎತ್ತು, ಕತ್ತೆ, ಹುಲ್ಲು ಇಟ್ಟು ಜನಕ್ಕೆ ಆ ರಾತ್ರಿ ಕಣ್ಣಿಗೆ ಕಾಣೋ ಹಾಗೆ ಮಾಡಿದ್ರು, ಹಾಗಾಗಿ ಹುಲ್ಲು ಮುಖ್ಯ. ಡಿಸೆಂಬರ್ ಪೂರ್ತಿ, ಯಾರಾದ್ರೂ ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಸಹಾಯ ಮಾಡಿದಾಗ ಒಂದು ಎಳೆ ಹುಲ್ಲು ತೊಟ್ಟಿಲಿಗೆ ಹಾಕ್ಲಿ, 24ರ ಹೊತ್ತಿಗೆ ಮಗುಗೆ ಮೆತ್ತಗಿನ ಹಾಸಿಗೆ ರೆಡಿ. ಆವತ್ತು ರಾತ್ರಿ ಬಾಲ ಯೇಸುನ ಇಡೋದು ಮನೆಯ ಅತಿ ಚಿಕ್ಕವರು. ಆ ವರ್ಷ ಮನೇಲಿ ಯಾರಾದ್ರೂ ತೀರಿಹೋಗಿದ್ರೆ ಅವರ ಹೆಸರು ಹೇಳಿ ಒಂದು ಕ್ಯಾಂಡಲ್ ಹಚ್ಚಿ, ಹೇಳದೇ ಬಿಟ್ರೆ ಎಲ್ರ ಮನಸ್ಸಲ್ಲೂ ಅದೇ ಇರತ್ತೆ.

ಅಡುಗೆ ಬಗ್ಗೆ ಜಾಸ್ತಿ ಹೇಳಲ್ಲ, ಹಿಂದಿನ ದಿನವೇ ಮಾಡಿಟ್ಟು ಬಿಸಿ ಮಾಡೋ ಅಂಥದ್ದೇ ಆರಿಸಿ, ಪಾತ್ರೆ ತೊಳೆಯೋ ಪಟ್ಟಿ ಗೋಡೆಗೆ ಅಂಟಿಸಿ, ಅದರಲ್ಲಿ ಗಂಡಸರ ಹೆಸರೂ ಇರ್ಲಿ, ಅಡುಗೆ ಮಾಡಿದವರ ಹೆಸರು ಬೇಡ.

ಹಬ್ಬ 25ಕ್ಕೆ ಮುಗಿಯಲ್ಲ. ಬಾಲ ಯೇಸುನ ನೋಡೋಕೆ ದೂರದಿಂದ ಬಂದ ಮೂವರು ರಾಯರ ಗೊಂಬೆನ ಮನೆಯ ಆ ತುದಿಯಲ್ಲಿಟ್ಟು ದಿನಾ ಸ್ವಲ್ಪ ಸ್ವಲ್ಪ ಗೋದಲಿ ಕಡೆಗೆ ನಡೆಸಿ, ಪುಸ್ತಕದ ಕಪಾಟು, ಫ್ರಿಡ್ಜ್ ಮೇಲೆ, ಮೆಟ್ಟಿಲು, ಜನವರಿ 6ಕ್ಕೆ ತಲುಪಬೇಕು. ಬೆಳಿಗ್ಗೆ ಎದ್ದು ಇವತ್ತು ಎಲ್ಲಿದ್ದಾರೆ ಅಂತ ಹುಡುಕೋದೇ ಮಕ್ಕಳಿಗೆ ಆಟ. ಆವತ್ತೇ ಎಲ್ರೂ ಸೇರಿ ಮರ ಬಿಚ್ಚಿ. ಲೈಟ್ ಸರ ರಟ್ಟಿಗೆ ಸುತ್ತಿಡಿ, ಉರಿಯದೇ ಇರೋದನ್ನ ಈಗಲೇ ಬೇರೆ ಮಾಡಿ, ಡಬ್ಬದ ಮುಚ್ಚಳದ ಒಳಗಡೆ ಒಂದು ಹಾಳೆ ಅಂಟಿಸಿ, ಯಾವ ಕೆಲಸ ಯಾರದ್ದು, ಗೋದಲಿಗೆ ಏನು ಕಮ್ಮಿ ಇದೆ, ಮುಂದಿನ ವರ್ಷ ಆಗಮನ ಕಾಲ ಯಾವ ತಾರೀಕಿಗೆ ಶುರು ಅಂತ ಬರೆದಿಡಿ.