ಬಾರದವರ ಲೆಕ್ಕ

ಎಣಿಕೆಯ ರಾತ್ರಿ ನಮ್ಮ ಗುಂಪಿನವರು ಚಪ್ಪಾಳೆ ತಟ್ಟುತ್ತಲೇ ಇದ್ದರು. ಎಂಟು ಮತಗಟ್ಟೆಗಳ ಲೆಕ್ಕ ಬಂದಿತ್ತು, ಎಂಟರಲ್ಲೂ ‘ಹೌದು’ ಮುಂದಿತ್ತು. ನನ್ನ ಕಣ್ಣು ಮಾತ್ರ ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಗೀಚಿಕೊಂಡಿದ್ದ ಇನ್ನೊಂದು ಸಾಲಿನ ಮೇಲಿತ್ತು: ಪಟ್ಟಿಯಲ್ಲಿದ್ದ ಒಟ್ಟು ಹೆಸರುಗಳಲ್ಲಿ ‘ಹೌದು’ ಎಂದವರ ಪಾಲು ಎಷ್ಟು? ನಮ್ಮ ನಗರದ ಜನಮತಗಣನೆಯ ನಿಯಮದಲ್ಲಿ ಬಹುಮತ ಒಂದೇ ಸಾಲದು. ನೋಂದಾಯಿತ ಮತದಾರರಲ್ಲಿ ಕಾಲುಭಾಗದವರಾದರೂ ‘ಹೌದು’ ಎನ್ನಬೇಕು. ಎಂಟರಲ್ಲಿ ಎರಡೇ ಮತಗಟ್ಟೆ ಆ ಗೆರೆ ದಾಟಿದ್ದವು. ಉಳಿದವುಗಳ ಎಣಿಕೆ ಮುಗಿಯುವಷ್ಟರಲ್ಲಿ ಚಪ್ಪಾಳೆ ನಿಂತಿತ್ತು. ಬಂದವರಲ್ಲಿ ಹೆಚ್ಚಿನವರು ನಮ್ಮ ಪರ ಇದ್ದರೂ ಪ್ರಸ್ತಾವ ಬಿದ್ದುಹೋಯಿತು.

ಸಾರ್ವಜನಿಕ ಜಾಗವೊಂದನ್ನು ಕಟ್ಟಡ ಕಟ್ಟಲು ಕೊಡದೆ ಬಯಲಾಗಿಯೇ ಉಳಿಸಬೇಕು ಎನ್ನುವುದು ನಮ್ಮ ಬೇಡಿಕೆ. ಪ್ರಚಾರದಲ್ಲಿ ನನ್ನ ಪಾಲಿಗೆ ಬಂದದ್ದು ಪಟ್ಟಿಯ ಕೆಲಸ. ಮನೆಮನೆಗೆ ಹೋದವರು ತರುತ್ತಿದ್ದ ಹಾಳೆಗಳನ್ನು ಸಂಜೆ ಕೂತು ಒಂದೆಡೆ ಸೇರಿಸುತ್ತಿದ್ದೆ. ಆ ಹಾಳೆಯಲ್ಲಿ ಮೂರು ಚೌಕಗಳಿದ್ದವು: ಪರ, ವಿರೋಧ, ಇನ್ನೂ ನಿರ್ಧರಿಸಿಲ್ಲ. ಮತ ಹಾಕಲು ಬರುತ್ತಾರೋ ಇಲ್ಲವೋ ಎಂಬುದಕ್ಕೆ ಚೌಕವೇ ಇರಲಿಲ್ಲ. ಆ ಹಾಳೆ ಸಿದ್ಧಪಡಿಸಿದವನು ನಾನೇ. ತಿಂಗಳುಗಟ್ಟಲೆ ನಾವು ಮನವೊಲಿಸುತ್ತಾ ಹೋದೆವು, ಅದರಲ್ಲೂ ಹೆಚ್ಚಿನ ಹೊತ್ತು ಆಗಲೇ ಒಪ್ಪಿದ್ದವರ ಜೊತೆ ಕಳೆದೆವು.

ಮೂರನೇ ಮಹಡಿಯ ಒಬ್ಬ ಅಜ್ಜಿಯನ್ನು ಮರೆಯಲಾರೆ. ನಾನು ಮಾತು ಶುರುಮಾಡುವ ಮೊದಲೇ ಆ ಬಯಲಿನ ಬಗ್ಗೆ ನನಗಿಂತ ಚೆನ್ನಾಗಿ ಹೇಳಿದರು. ಹೊರಡುವಾಗ, “ನೀವು ಇಷ್ಟು ಜನ ಓಡಾಡ್ತಿದ್ದೀರಿ, ಗೆದ್ದೇ ಗೆಲ್ತೀರಿ. ನನ್ನ ಮೊಣಕಾಲು ಮೆಟ್ಟಿಲು ಇಳಿಯೋಕೆ ಬಿಡಲ್ಲ” ಅಂದರು. ನಾನು ಸಂತೋಷದಿಂದ ‘ಪರ’ ಎಂಬ ಚೌಕಕ್ಕೆ ಟಿಕ್ ಹಾಕಿ ಕೆಳಗಿಳಿದೆ. ಅಂಚೆ ಮತದ ಅರ್ಜಿ ನನ್ನ ಚೀಲದಲ್ಲೇ ಇತ್ತು. ತೆಗೆದು ಕೊಡಬೇಕೆಂದು ಹೊಳೆಯಲೇ ಇಲ್ಲ.

ಸೋತ ಮೇಲೆ ಬೇರೆ ನಗರಗಳ ಫಲಿತಾಂಶ ಹರಡಿಕೊಂಡು ಕೂತೆ. ನನಗೆ ಪಾಠ ಹೇಳಿದ್ದು ಬರ್ಲಿನ್. ಅಲ್ಲಿಯೂ ಕಾಲುಭಾಗದ ನಿಯಮವೇ ಇದೆ. 2013ರ ನವೆಂಬರ್ 3ರಂದು ವಿದ್ಯುತ್ ಜಾಲವನ್ನು ನಗರವೇ ನಡೆಸಬೇಕೇ ಎಂದು ಕೇಳಿದಾಗ ಶೇ 83ರಷ್ಟು ಜನ ಹೌದು ಎಂದರು, ಆದರೂ ಪ್ರಸ್ತಾವ ಬಿತ್ತು. ಬಂದಿದ್ದವರು ಶೇ 29 ಮಾತ್ರ. ಮರುವರ್ಷ ಮೇ 25ರಂದು ಟೆಂಪೆಲ್‌ಹೋಫ್‌ನ ಹಳೆಯ ವಿಮಾನ ನಿಲ್ದಾಣದ ಬಯಲನ್ನು ಕಟ್ಟಡಗಳಿಂದ ಉಳಿಸುವ ಪ್ರಸ್ತಾವ ಬಂತು. ಅದಕ್ಕೆ ಹೌದು ಎಂದವರು ಶೇ 64. ಅದು ಗೆದ್ದಿತು, ಏಕೆಂದರೆ ಶೇ 46ರಷ್ಟು ಜನ ಬಂದಿದ್ದರು.

ಭಾಗಾಕಾರ ಮಾಡಿದರೆ ಗುಟ್ಟು ಬಯಲಾಗುತ್ತದೆ. ಪಟ್ಟಿಯಲ್ಲಿ ನೂರು ಜನರಿದ್ದರೆ ಇಪ್ಪತ್ತೈದು ‘ಹೌದು’ ಬೇಕು. ಬಂದವರು ಇಪ್ಪತ್ತೊಂಬತ್ತು ಎಂದಾದರೆ ಅವರಲ್ಲಿ ಶೇ 86 ಜನ ನಮ್ಮ ಪರ ಇರಬೇಕು. ಅಷ್ಟು ಒಗ್ಗಟ್ಟು ಯಾವ ಊರಲ್ಲಿ ಸಿಕ್ಕೀತು? ನಲವತ್ತಾರು ಜನ ಬಂದರೆ ಶೇ 55 ಸಾಕು. ಐವತ್ತು ದಾಟಿತೆಂದರೆ ಸರಳ ಬಹುಮತ ಇದ್ದವರಿಗೆ ಕಾಲುಭಾಗವೂ ತಾನಾಗಿಯೇ ಸಿಕ್ಕಿಬಿಡುತ್ತದೆ. ಈ ಲೆಕ್ಕವನ್ನು ಪ್ರಚಾರದ ಮೊದಲ ದಿನವೇ ಗೋಡೆಗೆ ಅಂಟಿಸಬೇಕಿತ್ತು.

ಬರ್ಲಿನ್‌ನ ಎರಡೂ ಫಲಿತಾಂಶಗಳ ಹಿಂದೆ ದಿನಾಂಕದ ಕೈವಾಡವಿದೆ. 2013ರ ಸೆಪ್ಟೆಂಬರ್ 22ರಂದು ಜರ್ಮನಿಯ ಸಂಸತ್ ಚುನಾವಣೆ ಇತ್ತು. ನಗರದ ಆಡಳಿತ ವಿದ್ಯುತ್ ಪ್ರಶ್ನೆಯನ್ನು ಅದರ ಜೊತೆ ಸೇರಿಸದೆ ನವೆಂಬರ್‌ಗೆ ತಳ್ಳಿತು. ಟೆಂಪೆಲ್‌ಹೋಫ್ ಪ್ರಶ್ನೆ ಯುರೋಪಿಯನ್ ಸಂಸತ್ತಿನ ಚುನಾವಣೆಯ ದಿನವೇ ಬಂತು. ನಮ್ಮದು ಯಾವ ಚುನಾವಣೆಯೂ ಇಲ್ಲದ ಒಂದು ಭಾನುವಾರ ನಡೆದಿತ್ತು. ದಿನಾಂಕ ಪ್ರಕಟವಾದಾಗ ನಾವು ಕ್ಯಾಲೆಂಡರ್‌ನಲ್ಲಿ ಅದಕ್ಕೊಂದು ಸುತ್ತು ಹಾಕಿ ಸುಮ್ಮನಾಗಿದ್ದೆವು.

ಕೊನೆಯ ವಾರಗಳಲ್ಲಿ ವಿರೋಧಿಗಳು ಪೋಸ್ಟರ್ ಹಚ್ಚುವುದನ್ನೇ ನಿಲ್ಲಿಸಿದರು. ಅವರು ಕೈಚೆಲ್ಲಿದರು ಎಂದುಕೊಂಡೆವು. ನಿಜವಾಗಿ ಅವರ ಲೆಕ್ಕ ಸರಿಯಾಗಿತ್ತು. ಇಂಥ ನಿಯಮ ಇರುವಲ್ಲಿ ಮನೆಯಲ್ಲಿ ಉಳಿದ ಪ್ರತಿಯೊಬ್ಬರೂ ಅವರ ಕೆಲಸವನ್ನೇ ಮಾಡಿಕೊಡುತ್ತಾರೆ. ಗದ್ದಲ ಎಬ್ಬಿಸಿದರೆ ಜನಕ್ಕೆ ದಿನಾಂಕ ನೆನಪಾಗುತ್ತದೆ, ಅಷ್ಟೇ. ಒಟ್ಟು ಇಷ್ಟು ಜನ ಮತ ಹಾಕಲೇಬೇಕು ಎಂಬ ನಿಯಮ ಇರುವ ಕಡೆ ಇದು ಇನ್ನೂ ಕೆಟ್ಟದಾಗುತ್ತದೆ. ಅಲ್ಲಿ ಶ್ರದ್ಧೆಯಿಂದ ಬಂದು ‘ಬೇಡ’ ಎಂದವನೇ ಹಾಜರಿಯನ್ನು ತುಂಬಿ, ತಾನು ಬೇಡವೆಂದದ್ದನ್ನು ಗೆಲ್ಲಿಸಬಹುದು. ಕನಿಷ್ಠ ಮಿತಿ ಬೇಕೇ ಬೇಕು ಎನ್ನುವುದಾದರೆ ಅದು ‘ಹೌದು’ ಮತಗಳ ಮೇಲಿರಲಿ, ಒಟ್ಟು ಹಾಜರಿಯ ಮೇಲೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಿತಿಯೇ ಇಲ್ಲದ ಕಡೆ ಬೇರೆ ತೊಂದರೆ. 2023ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನವರು ಬಾಡಿಗೆ ಇ-ಸ್ಕೂಟರ್‌ಗಳನ್ನು ಶೇ 89 ಮತದಿಂದ ಬೇಡವೆಂದರು. ಬಂದು ಮತ ಹಾಕಿದವರು ಶೇ 8ಕ್ಕೂ ಕಡಿಮೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2012ರಲ್ಲಿ ಶೇ 24 ಜನ ಬಂದು ನೇರ ಆಯ್ಕೆಯ ಮೇಯರ್ ಹುದ್ದೆ ತಂದರು, 2022ರಲ್ಲಿ ಶೇ 29ರಷ್ಟು ಜನ ಬಂದು ಅದನ್ನು ತೆಗೆದುಹಾಕಿದರು. ಇಷ್ಟು ಕಡಿಮೆ ಜನ ಬಂದಾಗ ಊರಿನ ಮನಸ್ಸು ಬದಲಾಯಿತೋ, ಬಂದವರು ಬದಲಾದರೋ ಎಂದು ಹೇಳುವುದು ಕಷ್ಟ. ನಮ್ಮಲ್ಲೂ ಮತ ಹಾಕಲು ಬಂದವರಲ್ಲಿ ಸ್ವಂತ ಮನೆಯವರು, ವಯಸ್ಸಾದವರು ಹೆಚ್ಚಿದ್ದರು. ಆ ಬಯಲಿನಲ್ಲಿ ಸಂಜೆ ಚೆಂಡಾಡುವ ಹುಡುಗರು, ಬಾಡಿಗೆ ಮನೆಗಳ ಎಳೆಯ ಸಂಸಾರಗಳು ಕಾಣಲಿಲ್ಲ. ಜಾಗ ಹೋದರೆ ಮೊದಲು ಕಳೆದುಕೊಳ್ಳುವವರು ಅವರೇ.

ಎರಡನೇ ಸಲ ನಾವು ಕ್ಯಾಲೆಂಡರ್‌ನಿಂದಲೇ ಶುರು ಮಾಡಿದೆವು. ಸಹಿ ಸಂಗ್ರಹ ಯಾವಾಗ ಮುಗಿದರೆ ಪ್ರಶ್ನೆ ದೊಡ್ಡ ಚುನಾವಣೆಯ ದಿನಕ್ಕೆ ಬರುತ್ತದೆ ಎಂದು ಹಿಂದಿನಿಂದ ಎಣಿಸಿ, ಸಹಿಗಳನ್ನು ಅದಕ್ಕೆ ತಕ್ಕಂತೆ ಸಲ್ಲಿಸಿದೆವು. ದೊಡ್ಡ ಚುನಾವಣೆಗೆ ಜನ ಹೇಗೂ ಬರುತ್ತಾರೆ. ಆದರೆ ಬಂದವರೆಲ್ಲ ನಮ್ಮ ಪ್ರಶ್ನೆಯವರೆಗೂ ಬರುವುದಿಲ್ಲ. ಮೇಲಿನ ಹುದ್ದೆಗಳಿಗೆ ಗುರುತು ಹಾಕಿ, ಕೊನೆಯ ಹಾಳೆಯನ್ನು ಖಾಲಿ ಬಿಟ್ಟು ಮಡಚಿ ಹಾಕಿಬಿಡುತ್ತಾರೆ. ಹಾಗಾಗಿ ಮಾದರಿ ಮತಪತ್ರ ಹಿಡಿದುಕೊಂಡು ಹೋಗಿ ಆ ಕೊನೆಯ ಹಾಳೆಯನ್ನೇ ಮೊದಲು ತೋರಿಸಿದೆವು. ಪ್ರಶ್ನೆಯ ಕಾನೂನು ಭಾಷೆ ಎಷ್ಟು ತೊಡಕಾಗಿತ್ತೆಂದರೆ, ‘ಹೌದು’ ಎಂದರೆ ಬಯಲು ಉಳಿಯುತ್ತದೆಯೋ ಹೋಗುತ್ತದೆಯೋ ಎಂದು ಓದುಬರಹ ಬಲ್ಲವರೂ ತಡವರಿಸಿದರು.

ಹಾಳೆಗೆ ನಾಲ್ಕನೇ ಚೌಕವೂ ಬಂತು. ಈ ಸಲ “ಬರ್ತೀರಾ?” ಎಂದು ಕೇಳಲಿಲ್ಲ, ಹಾಗೆ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. “ಎಷ್ಟು ಹೊತ್ತಿಗೆ ಹೋಗ್ತೀರಿ, ಯಾರ ಜೊತೆ?” ಎಂದು ಕೇಳಿದೆವು. ಉತ್ತರ ತಡವರಿಸಿದರೆ ಅಲ್ಲೇ ಅಂಚೆ ಮತದ ಅರ್ಜಿ ತುಂಬಲು ನೆರವಾದೆವು. ಒಪ್ಪಿದವರ ಮನೆಗೆ ಮತ್ತೆ ವಾದ ಮಾಡಲು ಹೋಗಲಿಲ್ಲ, ನೆನಪಿಸಲು ಹೋದೆವು.

ಆ ರಾತ್ರಿ ‘ಹೌದು’ ಎಂದವರ ಶೇಕಡಾವಾರು ಮೊದಲ ಸಲಕ್ಕಿಂತ ಇಳಿದಿತ್ತು. ನಮ್ಮ ಗುಂಪಿನ ಒಬ್ಬ ಹುಡುಗ, “ಸರ್, ಬೆಂಬಲ ಕಡಿಮೆ ಆಯ್ತಲ್ಲ” ಎಂದು ಮುಖ ಸಪ್ಪೆ ಮಾಡಿಕೊಂಡ. ಪೆನ್ಸಿಲ್ ಸಾಲಿನ ಮೇಲೆ ಅವನ ಬೆರಳು ಇಡಿಸಿದೆ. ವಿರೋಧಿಗಳೂ ಬಂದಿದ್ದರು, ಅವರ ಮತವೂ ಎಣಿಕೆಯಾಗಿತ್ತು, ಅದು ನ್ಯಾಯವೇ. ಆದರೂ ಒಂದೊಂದೇ ಮತಗಟ್ಟೆ ಕಾಲುಭಾಗದ ಗೆರೆ ದಾಟುತ್ತಾ ಹೋಯಿತು. ಕೊನೆಗೆ ಅಂಚೆ ಮತಗಳ ಕಟ್ಟು ಬಿಚ್ಚಿದರು. ಮೂರನೇ ಮಹಡಿಯ ಅಜ್ಜಿಯ ಲಕೋಟೆ ಅದರಲ್ಲಿತ್ತು. ಎರಡು ವಾರದ ಹಿಂದೆ ಅವರು ಅಂಟಿಸಿ ಕೊಟ್ಟಾಗ ನಾನೇ ಅಂಚೆ ಪೆಟ್ಟಿಗೆಗೆ ಹಾಕಿ ಬಂದಿದ್ದೆ.